ಅತ್ತೆಯ ಪೆಟ್ಟಿಗೆ, ಸೋಗಾನೆಯ ತಾಲೀಮು

ದುಬೈನಲ್ಲಿರುವ ನಾದಿನಿಗೆ ದಿನ ತುಂಬುತ್ತಾ ಬಂದಿತ್ತು. ಬಾಣಂತನಕ್ಕೆ ಅತ್ತೆ ಹೊರಡಲೇಬೇಕು. ಮಾವ ಜೊತೆಗೆ ಹೋಗುವ ಮಾತೇ ಇರಲಿಲ್ಲ. ಕೊನೆಕೊಯ್ಲು ಶುರುವಾಗಿ ಅಂಗಳದ ತುಂಬ ಅಡಿಕೆ ಬಿದ್ದಿತ್ತು, ಸುಲಿಯುವವರು ರಾತ್ರಿಯವರೆಗೂ ಕೂರುತ್ತಿದ್ದರು. ನನ್ನ ಗಂಡನೂ ಆ ಹೊತ್ತಿನಲ್ಲಿ ತೋಟ ಬಿಟ್ಟು ಬರುವ ಹಾಗಿಲ್ಲ. ಕೊನೆಗೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ ಬೆಂಗಳೂರಿನ ತನಕ ನಾನು, ಅಲ್ಲಿಂದ ಮುಂದೆ ಅವರೊಬ್ಬರೇ ಎಂದಾಯಿತು. ಅತ್ತೆ ಅಲ್ಲಿಯವರೆಗೆ ವಿಮಾನ ನೋಡಿದ್ದು ಅಂಗಳದಲ್ಲಿ ನಿಂತು ತಲೆ ಎತ್ತಿ ಮಾತ್ರ.

ಅವರಿವರು ಕೊಟ್ಟ ಸಲಹೆಗಳೆಲ್ಲ ವಿಮಾನ ನಿಲ್ದಾಣದ ಬಾಗಿಲಿನಿಂದ ಶುರುವಾಗುತ್ತಿದ್ದವು. ಮೂರು ಗಂಟೆ ಮೊದಲೇ ಹೋಗಿ, ಬೋರ್ಡು ನೋಡ್ತಾ ಇರಿ, ಗಾಬರಿ ಮಾಡ್ಕೊಬೇಡಿ. ಮೊದಲೇ ಹೋಗಿ ಕಾಯುವುದು ನಮಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ದಿನಕ್ಕೊಂದೇ ಬಸ್ಸು ಬರುವ ಊರಿನವರು ಹೇಗೂ ಗಂಟೆ ಮೊದಲೇ ಹೋಗಿ ಕಟ್ಟೆ ಮೇಲೆ ಕೂತಿರುತ್ತಾರೆ. ನನಗೆ ಚಿಂತೆ ಇದ್ದದ್ದು ಜಗಲಿಯ ಬಗ್ಗೆ. ನಿಲ್ದಾಣದಲ್ಲಿ ಆಗುವ ಗಾಬರಿಯ ಮುಕ್ಕಾಲು ಪಾಲು ಪೆಟ್ಟಿಗೆ ತುಂಬುವ ಹೊತ್ತಿಗೇ ಹುಟ್ಟಿಬಿಟ್ಟಿರುತ್ತದೆ ಎಂಬುದು ನನ್ನ ನಂಬಿಕೆ.

ಅತ್ತೆ ಹರವಿಟ್ಟ ಸಾಮಾನು ನೋಡಿದರೆ ಅಲ್ಲೊಂದು ಅಂಗಡಿ ಇಡಬಹುದಿತ್ತು. ಬಾಣಂತಿ ಲೇಹ್ಯ, ಮನೆಯ ತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ, ಕೊಬ್ಬರಿ ಗಿಟುಕು, ಗಸಗಸೆ, ಉತ್ತುತ್ತೆ, ಅಂಟು, ಮಗುವಿಗೆ ಬಜೆ, ಹಳೇ ಸೀರೆಯ ಬಟ್ಟೆ. ಅದರ ಪಕ್ಕದಲ್ಲಿ ದೇವರ ಕರ್ಪೂರ, ಬೆಂಕಿಪೊಟ್ಟಣ. ಎಲ್ಲಕ್ಕಿಂತ ಮೇಲೆ ಎಲೆಯಡಿಕೆ ಚೀಲ, ಅದರೊಳಗೆ ಅಡಕತ್ತರಿ.

ಮೊದಲು ಪಕ್ಕಕ್ಕೆ ತೆಗೆದದ್ದು ಗಸಗಸೆ. ಅದು ಅಫೀಮು ಗಿಡದ ಬೀಜ. ನಮ್ಮಲ್ಲಿ ಪಾಯಸದ ಸಾಮಾನು, ಯುಎಇಯಲ್ಲಿ ಮಾದಕವಸ್ತುಗಳ ಪಟ್ಟಿಗೆ ಸೇರಿದ್ದು. ಸಿಂಗಪುರದಲ್ಲೂ ನಿಷೇಧವಿದೆ. ಗೊತ್ತಿಲ್ಲದೆ ತಂದೆ ಅಂದರೆ ಅಲ್ಲಿ ಯಾರೂ ಕೇಳುವುದಿಲ್ಲ, ವಿಷಯ ಪೊಲೀಸರವರೆಗೂ ಹೋಗಬಹುದು. ಇದನ್ನು ಹೇಳಿದಾಗ ಅತ್ತೆ ನಂಬಲೇ ಇಲ್ಲ. "ಪಾಯಸ ಕುಡಿದ್ರೆ ಮಧ್ಯಾಹ್ನ ಒಂದು ನಿದ್ದೆ ಬರ್ತದೆ ಅಷ್ಟೇ ಮಾರಾಯ್ತಿ, ಅದಕ್ಕೆ ಪೊಲೀಸರು ಎಂತಕ್ಕೆ?" ನಾದಿನಿಗೇ ಫೋನ್ ಹಚ್ಚಿ ಕೊಟ್ಟೆ. ಮಗಳು ಹೇಳಿದ ಮೇಲೆ ಡಬ್ಬಿ ಅಡುಗೆಮನೆಗೆ ವಾಪಸ್ ಹೋಯಿತು.

ಕೊಬ್ಬರಿಯದು ಬೇರೆ ಕಥೆ. ಅದಕ್ಕೆ ಅಡ್ಡಿ ಆ ದೇಶದ್ದಲ್ಲ, ವಿಮಾನದ್ದು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಸಾಧ್ಯತೆ ಇದೆಯೆಂದು ಅಪಾಯದ ಸರಕಿನ ಗುಂಪಿಗೆ ಸೇರಿಸಿದ್ದಾರೆ. ಕೈಚೀಲದಲ್ಲಿ ಮಾತ್ರವಲ್ಲ, ಕೆಳಗೆ ಹಾಕುವ ಪೆಟ್ಟಿಗೆಯಲ್ಲೂ ಬಿಡುವುದಿಲ್ಲ. ದೇವಸ್ಥಾನದ ಪ್ರಸಾದದ ಕೊಬ್ಬರಿ ಪೆಟ್ಟಿಗೆಯಲ್ಲಿಟ್ಟು, ಸ್ಕ್ಯಾನರಿನಲ್ಲಿ ಸಿಕ್ಕಿ, ಹಿಂದೆ ಸಾಲು ಬೆಳೆಯುತ್ತಿರುವಾಗ ಪೆಟ್ಟಿಗೆ ಬಿಚ್ಚಿ ಬಟ್ಟೆಯೆಲ್ಲ ನೆಲಕ್ಕೆ ಹಾಕಿಕೊಂಡು ಹುಡುಕುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಕರ್ಪೂರ, ಬೆಂಕಿಪೊಟ್ಟಣಕ್ಕೂ ಅದೇ ಗತಿ. ಹೀಗೆ ಕೊಬ್ಬರಿ, ಗಸಗಸೆ ಎರಡೂ ಇಲ್ಲದೆ ಉತ್ತುತ್ತೆ, ಅಂಟು, ಗೋಡಂಬಿ, ಬೆಲ್ಲದಲ್ಲೇ ಅಂಟಿನುಂಡೆ ಕಟ್ಟಿದರು. "ಇದಕ್ಕೆ ಅಂಟಿನುಂಡೆ ಅನ್ನಬಾರದು" ಎಂದು ಗೊಣಗುತ್ತಲೇ ಕಟ್ಟಿದರು. ನಾನೊಂದು ತಿಂದು ನೋಡಿದೆ, ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಉಪ್ಪಿನಕಾಯಿ, ಲೇಹ್ಯ, ತುಪ್ಪ ಮೂರೂ ಕೆಳಗೆ ಹಾಕುವ ಪೆಟ್ಟಿಗೆಗೇ ಹೋಗಬೇಕು. ಮೆಣಸಿನ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದೊಳಗಿನ ದ್ರವಕ್ಕೆ 100 ಮಿಲಿಲೀಟರಿನ ಮಿತಿ, ಅದೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ. ಸ್ಕ್ಯಾನರಿನ ಮುಂದೆ ಕೂತವರಿಗೆ ಲೇಹ್ಯವೂ ತುಪ್ಪವೂ ದ್ರವವೇ. ಅಪ್ಪೆಮಿಡಿಯನ್ನು ಗಾಜಿನ ಭರಣಿಯಿಂದ ಪ್ಲಾಸ್ಟಿಕ್ ಡಬ್ಬಿಗೆ ಸುರಿದು, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಮುಚ್ಚಳ ತಿರುಗಿಸಿ, ಮೇಲೆ ಟೇಪು ಸುತ್ತಿ, ಎರಡು ಕವರಿನಲ್ಲಿಟ್ಟು, ಹಳೇ ಸೀರೆಯ ಬಟ್ಟೆಗಳ ನಡುವೆ ಹುಗಿದೆವು. ಅಪ್ಪೆಮಿಡಿ ರಸ ಒಮ್ಮೆ ಬಟ್ಟೆಗೆ ಹತ್ತಿದರೆ ಆ ಬಟ್ಟೆಯ ಕಥೆ ಮುಗಿದ ಹಾಗೆ.

ಎಲೆಯಡಿಕೆಯ ವಿಷಯ ನಾನಾಗಿ ಎತ್ತಲಿಲ್ಲ. ದುಬೈ ಕಸ್ಟಮ್ಸಿನವರ ನಿಷೇಧದ ಪಟ್ಟಿಯಲ್ಲಿ ಪಾನ್, ವೀಳ್ಯದೆಲೆ ಎರಡೂ ಇವೆ. ಆ ಕೆಲಸವನ್ನೂ ನಾದಿನಿಗೇ ಬಿಟ್ಟೆ. ಅಡಿಕೆ ರಾಶಿಯ ನಡುವೆ ಕೂತಿದ್ದ ಮಾವ ಸುದ್ದಿ ಕೇಳಿ ಕತ್ತಿ ಕೆಳಗಿಟ್ಟು, "ಅದೆಂಥಾ ಊರು!" ಅಂದರು. ಅತ್ತೆ ಎರಡು ದಿನ ಮೌನವಾಗಿದ್ದು, ಆಮೇಲೆ ಏಲಕ್ಕಿ, ಲವಂಗದ ಸಣ್ಣ ಡಬ್ಬಿಯೊಂದನ್ನು ಸಿದ್ಧ ಮಾಡಿಕೊಂಡರು.

ತೂಕದ ಲೆಕ್ಕದಲ್ಲಿ ಮಾತ್ರ ನಾವು ಗೆದ್ದೆವು. ನಮ್ಮದು ಎರಡು ಬೇರೆ ಬೇರೆ ಟಿಕೆಟ್. ದುಬೈಗೆ 30 ಕೆಜಿ ಬಿಡುತ್ತಾರೆ, ಶಿವಮೊಗ್ಗದಿಂದ ಬೆಂಗಳೂರಿಗೆ ಬಿಡುವುದು 15 ಕೆಜಿ. ಹೀಗೆ ಬಿಡಿ ಟಿಕೆಟ್ ಇದ್ದಾಗ ಕಡಿಮೆ ಇರುವ ಮಿತಿಗೇ ಪೆಟ್ಟಿಗೆ ಕಟ್ಟಬೇಕು, ಇಲ್ಲವಾದರೆ ಕೌಂಟರಿನಲ್ಲಿ ಕೆಜಿಗಿಷ್ಟೆಂದು ದುಡ್ಡು ಎಣಿಸಬೇಕು. ಆದರೆ ಬೆಂಗಳೂರಿನ ತನಕ ನಾನೂ ಇದ್ದೆನಲ್ಲ, ನನ್ನ ಪಾಲಿನ 15 ಕೆಜಿ ಖಾಲಿಯೇ ಇತ್ತು. ಎರಡು ಪೆಟ್ಟಿಗೆ ಮಾಡಿ, ಅಡಿಕೆ ತೂಗುವ ಕಾಟಾದ ಮೇಲಿಟ್ಟು, ಒಂದೊಂದೂ 15ರ ಒಳಗೇ ಇರುವಂತೆ ಅತ್ತಿಂದಿತ್ತ ಬದಲಿಸಿದೆವು. ನಿಲ್ದಾಣದ ಕಾಟಾದ ಮುಂದೆ ನಿಂತು ಎದೆ ಡವಡವ ಅನ್ನಿಸಿಕೊಳ್ಳುವುದಕ್ಕಿಂತ ಮನೆಯ ಕಾಟಾದ ಮುಂದೆ ಜಗಳವಾಡುವುದು ವಾಸಿ.

ಟಿಕೆಟ್ ಬಿಡಿಯಾಗಿದ್ದ ಕಾರಣಕ್ಕೇ ಶಿವಮೊಗ್ಗದಿಂದ ಒಂದು ದಿನ ಮೊದಲು ಹೊರಟೆವು. ಒಂದೇ ಟಿಕೆಟಿನಲ್ಲಿ ಎರಡು ವಿಮಾನ ಇದ್ದರೆ, ಮೊದಲನೆಯದು ತಡವಾದಾಗ ಮುಂದಿನ ಜವಾಬ್ದಾರಿ ವಿಮಾನ ಕಂಪನಿಯದು. ಬಿಡಿ ಟಿಕೆಟಿನಲ್ಲಿ ಎಲ್ಲ ನಮ್ಮ ತಲೆಗೇ. ಮಲೆನಾಡಿನ ಮೋಡ, ಮಂಜನ್ನು ನಂಬುವ ಹಾಗೂ ಇಲ್ಲ. ಓಡುದಾರಿ ಕಾಣದೆ ವಿಮಾನ ಇಳಿಯದೆ ಬೆಂಗಳೂರಿಗೇ ವಾಪಸ್ ಹೋದ ಸುದ್ದಿಗಳು ಪೇಪರಿನಲ್ಲಿ ಬರುತ್ತಲೇ ಇರುತ್ತವೆ. ಯಲಹಂಕದಲ್ಲಿ ನೆಂಟರ ಮನೆ ಇತ್ತು. ಅಲ್ಲೊಂದು ರಾತ್ರಿ ಕಳೆಯುವ ಖರ್ಚು ಒಂದು ಊಟದ್ದು, ವಿಮಾನ ತಪ್ಪಿದರೆ ಆಗುವ ಖರ್ಚಿಗೆ ಲೆಕ್ಕವಿಲ್ಲ.

ಬೆಂಗಳೂರಿಗೆ ರೈಲಿದೆ, ರಾತ್ರಿ ಬಸ್ಸಿದೆ, ಎರಡೂ ಅಗ್ಗ. ಆದರೂ ವಿಮಾನವೇ ಆಗಲಿ ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಬೇರೆ. ಅತ್ತೆ ಜೀವನದ ಮೊದಲ ಸೆಕ್ಯುರಿಟಿ ತಪಾಸಣೆಯನ್ನು ಬೆಂಗಳೂರಿನ ಆ ಜಾತ್ರೆಯಲ್ಲಿ ಒಬ್ಬರೇ ಎದುರಿಸುವುದು ನನಗೆ ಬೇಡವಾಗಿತ್ತು. ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಲ್ಲಿ ಒಮ್ಮೆ ತಾಲೀಮು ಆಗಲಿ ಎಂಬುದು ನನ್ನ ಯೋಜನೆ. ಟಿಕೆಟಿನ ದುಡ್ಡು ಜಾಸ್ತಿಯಾಯಿತು ಎಂದು ಮನೆಯಲ್ಲಿ ಮಾತು ಬಂತು. ಬರಲಿ ಬಿಡಿ.

ಮಂಡಗದ್ದೆ, ಸಕ್ರೆಬೈಲು ದಾಟಿ ಶಿವಮೊಗ್ಗ ಸೇರಿ, ಅಲ್ಲಿಂದ ಸೋಗಾನೆಗೆ ಬಂದಾಗ ಅತ್ತೆ ಮೊದಲು ಓದಿದ್ದು ಹೆಸರನ್ನು: ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. "ನಮ್ಮ ಕುಪ್ಪಳಿಯವರದ್ದೇ" ಎಂದು ಅಷ್ಟಕ್ಕೇ ಅರ್ಧ ಧೈರ್ಯ ಬಂದವರಂತೆ ಸೆರಗು ಸರಿ ಮಾಡಿಕೊಂಡರು. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ, ಅದೇ ವರ್ಷ ಆಗಸ್ಟ್ 31ರಿಂದ ವಿಮಾನ ಹಾರಲು ಶುರುವಾದ ನಿಲ್ದಾಣ ಇದು. ಓಡುದಾರಿ 3.2 ಕಿಲೋಮೀಟರ್ ಉದ್ದ, ದೊಡ್ಡ ವಿಮಾನಗಳಿಗೂ ಸಾಲುವಷ್ಟು. ಆದರೆ ಕಮಲದ ಆಕಾರದ ಕಟ್ಟಡದೊಳಗೆ ಹೋದರೆ ಎಲ್ಲವೂ ಕಣ್ಣಳತೆಯಲ್ಲೇ ಇದೆ. ಬಾಗಿಲು, ಕೌಂಟರು, ತಪಾಸಣೆ, ಕೂರುವ ಜಾಗ, ಆಚೆ ವಿಮಾನ. ಒಂದಾದ ಮೇಲೆ ಒಂದು ಏನು ನಡೆಯುತ್ತದೆ ಎಂಬುದು ನಿಂತಲ್ಲೇ ಗೊತ್ತಾಗುತ್ತದೆ. ಇಲ್ಲಿ ದಾರಿ ತಪ್ಪಬೇಕೆಂದರೂ ಜಾಗವಿಲ್ಲ.

ಬಾಗಿಲಲ್ಲಿ ಪಾಸ್‌ಪೋರ್ಟನ್ನೇ ತೋರಿಸಿದೆವು. ದೇಶದೊಳಗಿನ ಪ್ರಯಾಣಕ್ಕೆ ಆಧಾರ್ ಸಾಕು. ಆದರೆ ನಮ್ಮ ಕಡೆ ಹೆಂಗಸರ ಹೆಸರು ಆಧಾರಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇರುವುದು ಮಾಮೂಲು. ಎರಡೂ ಟಿಕೆಟನ್ನು ಪಾಸ್‌ಪೋರ್ಟಿನ ಹೆಸರಿಗೇ ಮಾಡಿಸಿದ್ದರಿಂದ ಅತ್ತೆ ಎಲ್ಲಿ ಹೋದರೂ ತೋರಿಸಬೇಕಾದದ್ದು ಅದೊಂದೇ.

ತಪಾಸಣೆಗೆ ಮೊದಲು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. "ಕರಿಮಣಿ ತೆಗಿ ಅಂತಾರೇನೇ?" ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ನಿಜವಾದ ಹೆದರಿಕೆ ಇದು, ಗಸಗಸೆ, ತೂಕ ಯಾವುದೂ ಅಲ್ಲ. ತೆಗೆಸುವುದಿಲ್ಲ, ಹೆಂಗಸರಿಗೆ ಪರದೆಯ ಮರೆಯಲ್ಲಿ ಹೆಂಗಸರೇ ಕೈಯಲ್ಲಿ ಹಿಡಿಯುವ ಯಂತ್ರ ಆಡಿಸಿ ನೋಡುತ್ತಾರೆ, ಕರಿಮಣಿ ಹತ್ತಿರ ಅದು ಕೂಗುತ್ತದೆ, ಕೂಗಲಿ ಎಂದೆ. ಒಳಗೆ ಹೋಗಿ ಅರೆನಿಮಿಷದಲ್ಲಿ ಬಂದರು. "ಕೂಗ್ತು. ಆ ಹುಡುಗಿ ನಕ್ಕಳು, ನಾನೂ ನಕ್ಕೆ." ಮೊಬೈಲು, ಪವರ್ ಬ್ಯಾಂಕು, ಚಿಲ್ಲರೆ ಎಲ್ಲ ಟ್ರೇಗೆ ಹಾಕುವುದನ್ನೂ, ಆಚೆ ಕಡೆ ನಿಂತು ತನ್ನ ಟ್ರೇ ಬರುವ ತನಕ ಕಾದು ಎಲ್ಲವನ್ನೂ ಎಣಿಸಿ ತೆಗೆದುಕೊಳ್ಳುವುದನ್ನೂ ಅವರಿಂದಲೇ ಮಾಡಿಸಿದೆ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಹಾಕುವ ಹಾಗಿಲ್ಲ. ಸ್ಟೀಲ್ ಬಾಟಲಿ ಖಾಲಿ ಇತ್ತು, ಒಳಗೆ ಹೋದ ಮೇಲೆ ತುಂಬಿಕೊಂಡರು. ವಿಮಾನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎಟಿಆರ್ ಎಂಬ ಸಣ್ಣ ವಿಮಾನದ ಹಿಂದಿನ ಮೆಟ್ಟಿಲು ಹತ್ತಿ ಕೂತು, ಏಲಕ್ಕಿ ಬಾಯಿಗೆ ಹಾಕಿಕೊಂಡು, ಕೆಳಗೆ ಕಂಡ ತೋಟಗಳಲ್ಲಿ ಯಾವುದಕ್ಕೆ ಔಷಧಿ ಹೊಡೆದಿಲ್ಲ ಎಂದು ಹೇಳುತ್ತಾ ಬಂದರು.

ಮಾರನೆಯ ರಾತ್ರಿ ಬೆಂಗಳೂರಿನ ಎರಡನೇ ಟರ್ಮಿನಲ್ಲಿಗೆ ಹೋದೆವು. 2023ರ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳೆಲ್ಲ ಹೊರಡುವುದು ಅಲ್ಲಿಂದ. ದೇಶದೊಳಗಿನ ವಿಮಾನದಲ್ಲಿ ಮೊದಲನೇ ಟರ್ಮಿನಲ್ಲಿಗೆ ಬಂದಿಳಿದು ಅದೇ ದಿನ ಮುಂದೆ ಹೋಗುವವರು ಹೊರಗೆ ಬಂದು ಇಲ್ಲಿಗೆ ಬರಬೇಕು ಎಂಬುದನ್ನು ಸಮಯದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಟಿಕೆಟ್ ಇಲ್ಲದ ನಾನು ಬಾಗಿಲಿನಿಂದ ಈಚೆಗೇ ನಿಲ್ಲಬೇಕಾದ್ದರಿಂದ ವೀಲ್‌ಚೇರ್ ಸಹಾಯವನ್ನು ಟಿಕೆಟ್ ಮಾಡುವಾಗಲೇ ಕೇಳಿಟ್ಟಿದ್ದೆ. ಅತ್ತೆಗೆ ಅದು ಅವಮಾನ. "ದಿನಾ ತೋಟ ಹತ್ತಿ ಇಳಿಯೋಳಿಗೆ ಗಾಡಿ ಎಂತಕ್ಕೆ?" ನಡೆಯಲು ಆಗುವವರು ಅದನ್ನು ಕೇಳಿದರೆ ನಿಜಕ್ಕೂ ಆಗದವರು ಕಾಯಬೇಕಾಗುತ್ತದೆ ಎಂಬ ಅಳುಕು ನನಗೂ ಇತ್ತು. ಆದರೆ ಅತ್ತೆಗೆ ಮಂಡಿನೋವು ಇದೆ, ಒಳಗೆ ನಡಿಗೆಯೂ ಬಹಳ ಇದೆ, ಇಂಗ್ಲಿಷ್, ಹಿಂದಿ ಎರಡೂ ಬರುವುದಿಲ್ಲ. ನನಗೆ ಬೇಕಾಗಿದ್ದದ್ದು ಗಾಲಿಗಿಂತ ಹೆಚ್ಚಾಗಿ ಅದನ್ನು ತಳ್ಳುವ ಮನುಷ್ಯ.

ಕುತ್ತಿಗೆಗೆ ಹಾಕಿದ್ದ ಬಟ್ಟೆ ಚೀಲದಲ್ಲಿ ಪಾಸ್‌ಪೋರ್ಟು, ವೀಸಾದ ಪ್ರತಿ, ವಾಪಸ್ ಬರುವ ಟಿಕೆಟ್, ಮಗಳ ವಿಳಾಸ, ಫೋನ್ ನಂಬರ್ ಎಲ್ಲ ಕಾಗದದಲ್ಲೇ ಇದ್ದವು. ಮೊಬೈಲ್ ಚಾರ್ಜು ಹೋದರೂ ಕಾಗದಕ್ಕೆ ಏನೂ ಆಗುವುದಿಲ್ಲ. ಬಿಪಿ ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲಿ. ಯುಎಇಯಲ್ಲಿ ಕೆಲವು ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಿಗೂ ನಿರ್ಬಂಧ ಇರುವುದರಿಂದ ಚೀಟಿಯಲ್ಲಿ ಇಲ್ಲದ ಒಂದು ಮಾತ್ರೆಯನ್ನೂ ಇಡಲಿಲ್ಲ. ಇಮಿಗ್ರೇಷನ್ನಿನಲ್ಲಿ ಎಲ್ಲಿಗೆ, ಯಾರ ಮನೆಗೆ, ಯಾವಾಗ ವಾಪಸ್ ಎಂದಷ್ಟೇ ಕೇಳುತ್ತಾರೆ, ಕೇಳಿದ್ದಕ್ಕೆ ಮಾತ್ರ ಹೇಳಿ ಎಂದಿದ್ದೆ. ಅತ್ತೆಗೆ ಅತಿ ಕಷ್ಟವಾದ ಸೂಚನೆ ಇದೇ ಇರಬೇಕು.

ಕೌಂಟರು ಮುಗಿದ ಮೇಲೆ ಒಮ್ಮೆ, ಗೇಟಿನ ಹತ್ತಿರ ಕೂತ ಮೇಲೆ ಒಮ್ಮೆ ಫೋನ್ ಮಾಡಿದರು. ಎರಡನೇ ಕರೆ ಬರುವ ತನಕ ನಾನು ಹೊರಗಿನ ಬೆಂಚಿನಲ್ಲೇ ಇದ್ದೆ. ಮನೆಯಲ್ಲಿ ಮಾಡಿದ ಕೆಲಸಕ್ಕೆ ಫಲ ಸಿಕ್ಕಿತ್ತು, ಪೆಟ್ಟಿಗೆ ಎಲ್ಲೂ ಬಿಚ್ಚಿಸಲಿಲ್ಲ. ತಪಾಸಣೆಯಲ್ಲಿ ಮುಂದೆ ನಿಂತಿದ್ದ ಯಾವುದೋ ಹೆಂಗಸಿಗೆ ಟ್ರೇ ಹೇಗೆ ಹಾಕಬೇಕೆಂದು ಇವರೇ ತೋರಿಸಿಕೊಟ್ಟರಂತೆ.

ಮಾರನೆಯ ದಿನ ದುಬೈನಿಂದ ಫೋನ್ ಬಂದಾಗ ಮಗಳ ಬಗ್ಗೆ, ಮೊಮ್ಮಗುವಿನ ತೊಟ್ಟಿಲಿನ ಬಗ್ಗೆ ಹೇಳಿ ಮುಗಿಸಿ, ವೀಲ್‌ಚೇರಿನ ವಿಷಯಕ್ಕೆ ಬಂದರು. ತಳ್ಳಿದ ಹುಡುಗ ಗದಗದ ಕಡೆಯವನು, ಮದುವೆಗೆ ಹುಡುಗಿ ನೋಡುತ್ತಿದ್ದಾರೆ, ತಾಯಿಗೂ ಮಂಡಿನೋವು, ಯಾವ ಎಣ್ಣೆ ಹಚ್ಚಬೇಕೆಂದು ಹೇಳಿದ್ದಾರಂತೆ. ಗಾಡಿಯಲ್ಲಿ ಅರ್ಧ ದಾರಿ ಕೈಚೀಲವನ್ನು ಕೂರಿಸಿ ತಾವು ಪಕ್ಕದಲ್ಲಿ ನಡೆದರಂತೆ, ಅವನು ಬೇಡ ಬೇಡ ಎಂದರೂ.

"ವಾಪಸ್ ಬರೋವಾಗಲೂ ಗಾಡಿ ಹೇಳಿಡು" ಅಂದರು. "ಆದ್ರೆ ಕನ್ನಡ ಬರೋರೇ ಬೇಕು ಅಂತ ಕೇಳು. ಇಲ್ಲಿ ಇಳಿದಾಗ ತಳ್ಳಿದವನಿಗೆ ಒಂದಕ್ಷರ ಬರ್ತಿರಲಿಲ್ಲ, ಅಷ್ಟು ದೂರ ಸುಮ್ಮನೆ ಕೂತು ಬರಬೇಕಾಯ್ತು."