ಕರೆಂಟ್ ಹೋದ ದಿನ ಅಮ್ಮನ ಆಕ್ಸಿಜನ್

ನಮ್ಮೂರು ಹೊಸನಗರ ತಾಲ್ಲೂಕಿನ ಒಳಗಡೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಯಿತು ಅಂದರೆ ಕರೆಂಟ್ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಅಮ್ಮನಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಡೋಕೆ ಕಷ್ಟವಾಗುವ, ಪೂರ್ತಿ ವಾಸಿಯಾಗದ ಕಾಯಿಲೆ. ಬೀಡಿ, ಸಿಗರೇಟು ಮುಟ್ಟಿದವಳಲ್ಲ. ಸೌದೆ ಒಲೆಯ ಹೊಗೆಯಿಂದಲೇ ಶ್ವಾಸಕೋಶ ಹಾಳಾಗಿದೆ ಎಂದರು ಡಾಕ್ಟರು. ದಿನಕ್ಕೆ ಕಡಿಮೆಯೆಂದರೂ 15 ಗಂಟೆ ಆಕ್ಸಿಜನ್ ಬೇಕು. ಹಾಗಾಗಿ ಮಂಚದ ಪಕ್ಕ ಕಾನ್ಸಂಟ್ರೇಟರ್ ಬಂದು ಕೂತಿದೆ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಒಳಗಿರುವ ಜಿಯೋಲೈಟ್ ಹರಳುಗಳಲ್ಲಿ ನೈಟ್ರೋಜನ್ ಹಿಡಿದಿಟ್ಟು, ಆಕ್ಸಿಜನ್ ಕೊಡುತ್ತದೆ. ತುಂಬಿಸಿ ತರುವ ಕೆಲಸವಿಲ್ಲ. ಕರೆಂಟ್ ಮಾತ್ರ ಬೇಕೇ ಬೇಕು.

ಕಳೆದ ಜುಲೈನಲ್ಲಿ ಒಂದು ದಿನ ಬೆಳಗ್ಗೆಯೇ ಕರೆಂಟ್ ಹೋಯಿತು. ನಮ್ಮದು 5 ಲೀಟರ್ ಮೆಷಿನ್, ಸುಮಾರು 350 ವಾಟ್ ಎಳೆಯುತ್ತದೆ. ಫ್ರಿಜ್, ಫ್ಯಾನ್ ಎಲ್ಲ ಆಫ್ ಮಾಡಿದರೂ ಮಧ್ಯಾಹ್ನದೊಳಗೆ ಇನ್ವರ್ಟರ್ ಕೂಗಿಕೊಂಡಿತು. ಮೂಲೆಯಲ್ಲಿದ್ದ ಬಿ ಟೈಪ್ ಆಕ್ಸಿಜನ್ ಸಿಲಿಂಡರ್‌ಗೆ ಪೈಪ್ ಬದಲಿಸಿದೆ. ನಿಮಿಷಕ್ಕೆ 2 ಲೀಟರ್‌ನಂತೆ ಬಿಟ್ಟರೆ ಸುಮಾರು 12 ಗಂಟೆ ಬರುತ್ತದೆ. ಕೋಣೆ ಕತ್ತಲೆಯಾಗಿತ್ತು. ಆದರೆ ಆಕ್ಸಿಜನ್ ಇರುವಲ್ಲಿ ಮೇಣದಬತ್ತಿ, ದೀಪ ಏನೂ ಹಚ್ಚುವ ಹಾಗಿಲ್ಲ. ಟಾರ್ಚ್ ಹಿಡಿದೇ ಕೂತೆವು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಚಿಕ್ಕಮ್ಮ ಬಂದರು. ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಎಂದು ತೋರಿಸುವ, ಅಮ್ಮನ ಬೆರಳಿನ ಆಕ್ಸಿಮೀಟರ್ ನೋಡಿ ಗಾಬರಿಯಾದರು.

"ಏನೇ ಇದು, 89 ತೋರಿಸ್ತಿದೆ! ಕೋವಿಡ್ ಟೈಮಲ್ಲಿ 94ಕ್ಕಿಂತ ಇಳಿದ್ರೆ ಆಸ್ಪತ್ರೆಗೆ ಹೋಗಿ ಅಂತಿದ್ರಲ್ಲೇ. ಸ್ವಲ್ಪ ಜಾಸ್ತಿ ಬಿಡೇ."

ನಾನು ಕೈ ಹಾಕಲಿಲ್ಲ. ಅಮ್ಮನಿಗೆ 88ರಿಂದ 92 ಇದ್ದರೆ ಸಾಕು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಈ ಕಾಯಿಲೆ ಜೋರಾಗಿರುವ ಕೆಲವರಿಗೆ ಆಕ್ಸಿಜನ್ ಅತಿಯಾದರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ. ತಲೆನೋವು, ಮಂಪರು, ಗೊಂದಲ. ಆಮೇಲೆ ಪ್ರಜ್ಞೆ ತಪ್ಪಲೂಬಹುದು. ಅಷ್ಟಾದರೂ ಮೀಟರ್ ಮಾತ್ರ 97, 98 ಅಂತ ಚೆನ್ನಾಗಿಯೇ ತೋರಿಸುತ್ತಿರುತ್ತದೆ! ನನಗೆ ಇವತ್ತಿಗೂ ಹೆದರಿಕೆ ಹುಟ್ಟಿಸುವುದು ಇದೇ. ಮೆಷಿನ್ ಮಾರಿದವರು ಸ್ವಿಚ್ ತೋರಿಸಿ ಹೋಗಿಬಿಟ್ಟಿದ್ದರು. ಇಷ್ಟು ದೊಡ್ಡ ವಿಷಯವನ್ನು ಮನೆಯವರಿಗೆ ಕೂರಿಸಿಕೊಂಡು ಹೇಳಬೇಕು ಅಲ್ವಾ?

ಚಿಕ್ಕಮ್ಮನ ಸಮಾಧಾನಕ್ಕೂ, ನನ್ನ ಧೈರ್ಯಕ್ಕೂ ಡಾಕ್ಟರಿಗೆ ಫೋನ್ ಮಾಡಿದೆ. ಜಗಲಿಯ ತುದಿಯಲ್ಲಿ ಮಾತ್ರ ಸಿಗ್ನಲ್. ವಿಡಿಯೊ ಹಿಡಿಯಲಿಲ್ಲ, ಬರೀ ಮಾತು. ಅಮ್ಮ ಪೂರ್ತಿ ವಾಕ್ಯ ಮಾತಾಡುತ್ತಾರಾ, ತುಟಿ ನೀಲಿಯಾಗಿದೆಯಾ, ನಿದ್ದೆಗಣ್ಣಲ್ಲಿದ್ದಾರಾ ಎಂದು ಒಂದೊಂದಾಗಿ ಕೇಳಿದರು. ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ ಎಣಿಸಿ ಎಂದರು. "ಕೈ ತಣ್ಣಗಿದ್ರೆ ಮೀಟರ್ ಸರಿಯಾಗಿ ತೋರ್ಸಲ್ಲ, ಬೆಚ್ಚಗೆ ಮಾಡಿ ನೋಡಿ" ಎಂದರು. ಚಿಕ್ಕಮ್ಮನೇ ಅಮ್ಮನ ಕೈ ಉಜ್ಜುತ್ತಾ ಕೂತರು. ಸ್ವಲ್ಪ ಹೊತ್ತಿಗೆ 91 ಬಂತು. 2 ಲೀಟರ್ 2 ಲೀಟರ್ ಆಗಿಯೇ ಉಳಿಯಿತು.

ರಾತ್ರಿ ಊಟದ ಹೊತ್ತಿಗೆ ಲೈನ್ ಸರಿಯಾಯಿತು. ಮಾರನೇ ದಿನ ಲೈನ್‌ಮ್ಯಾನ್‌ರನ್ನು ಮನೆಗೆ ಕರೆದು ಅಮ್ಮನ ಮೆಷಿನ್ ತೋರಿಸಿದೆ. ಈಗ ಕೆಲಸಕ್ಕೆಂದು ಲೈನ್ ಆಫ್ ಮಾಡುವುದಿದ್ದರೆ ಅವರು ಹಿಂದಿನ ಸಂಜೆಯೇ ಫೋನ್ ಮಾಡುತ್ತಾರೆ. ಆಗ ಸಿಲಿಂಡರಿನ ಗೇಜ್ ನೋಡಿ, ಕಡಿಮೆಯಿದ್ದರೆ ಪೇಟೆಗೆ ಕಳಿಸಿ ತುಂಬಿಸಿಡಲು ನಮಗೂ ಸಮಯ ಸಿಗುತ್ತದೆ.