ಏನೇನು ಹಚ್ಚಿದ್ದೀರಿ?

ಚರ್ಮರೋಗ ತಜ್ಞರ ಎದುರು ನಾನು ಮೊದಲ ಸಲ ಕುಳಿತ ದಿನ ಅವರು ತೊಡೆಸಂದಿನಿಂದ ಸೊಂಟದವರೆಗೆ ಹರಡಿದ್ದ ಕೆಂಪನ್ನು ನೋಡಿ, ಎಷ್ಟು ದಿನವಾಯಿತು ಎಂದು ಕೇಳುವುದಕ್ಕೂ ಮೊದಲು, ‘ಇದಕ್ಕೆ ಇಲ್ಲಿಯವರೆಗೆ ಏನೇನು ಹಚ್ಚಿದ್ದೀರಿ? ಒಂದನ್ನೂ ಬಿಡದೆ ಹೇಳಿ’ ಎಂದರು. ನೆನಪಿದ್ದ ನಾಲ್ಕು ಹೆಸರುಗಳನ್ನು ಹೇಳಿದೆ. ‘ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ, ಖಾಲಿಯಾಗಿದ್ದರೂ ಸರಿ, ಮುಂದಿನ ಸಲ ತನ್ನಿ’ ಎಂದರು. ಆ ಪ್ರಶ್ನೆ ಏಕೆ ಮೊದಲು ಬಂತು ಎಂಬುದು ತಿಳಿದ ಮೇಲೆಯೇ ಚರ್ಮದ ಡಾಕ್ಟರ ಕೆಲಸವೇನು, ಅವರ ಬಳಿಗೆ ಯಾವಾಗ ಹೋಗಬೇಕು ಎಂಬುದು ನನಗೆ ಅರ್ಥವಾಗಿದ್ದು.

ನನಗೆ ಆಗಿದ್ದು ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಹುಳುವಲ್ಲ, ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನೇ ತಿಂದು ಬೆಳೆಯುವ ಒಂದು ಬಗೆಯ ಶಿಲೀಂಧ್ರ. ಮಳೆಗಾಲದಲ್ಲಿ ಸರಿಯಾಗಿ ಒಣಗದ ಒಳಉಡುಪು, ಬಿಗಿಯಾದ ಜೀನ್ಸು, ದಿನವಿಡೀ ಕುಳಿತು ಮಾಡುವ ಕೆಲಸ, ಇವೆಲ್ಲ ಅದಕ್ಕೆ ಅನುಕೂಲವಾದವು. ಆರಂಭದಲ್ಲಿ ಅಂಚು ಕೆಂಪಾಗಿ ಉಬ್ಬಿ, ನಡುಭಾಗ ತಿಳಿಯಾಗಿ, ನೋಡಿದವರು ಯಾರಾದರೂ ಗುರುತಿಸಬಹುದಾದಂಥ ಉಂಗುರವಿತ್ತು. ಮೆಡಿಕಲ್ ಶಾಪಿನಲ್ಲಿ ತುರಿಕೆ ಎಂದಷ್ಟೇ ಹೇಳಿದೆ, ಒಂದು ಟ್ಯೂಬು ಕೊಟ್ಟರು. ಎರಡೇ ದಿನದಲ್ಲಿ ತುರಿಕೆ ನಿಂತಿತು. ಬಿಟ್ಟ ವಾರಕ್ಕೆ ಮತ್ತೆ ಬಂತು, ಮತ್ತೆ ಹಚ್ಚಿದೆ. ಹೀಗೆ ಐದು ತಿಂಗಳು ಕಳೆಯುವಷ್ಟರಲ್ಲಿ ಉಂಗುರದ ಆಕಾರವೇ ಮಾಸಿ, ಎಲ್ಲಿ ಆರಂಭ ಎಲ್ಲಿ ಕೊನೆ ಎಂದು ತಿಳಿಯದ ಕೆಂಪು ಹಾಸು ಉಳಿದಿತ್ತು. ತೊಡೆಯ ಒಳಭಾಗದಲ್ಲಿ ಚರ್ಮ ಸೀಳಿದಂತೆ ಉದ್ದುದ್ದ ಗೆರೆಗಳೂ ಮೂಡಿದ್ದವು.

ಅಂಥ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಗಳು ಬೆರೆತಿರುತ್ತವೆ: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಮೂರನೆಯದು ಸ್ಟೀರಾಯ್ಡ್. ತುರಿಕೆ ಮತ್ತು ಕೆಂಪು ನಿಜವಾಗಿ ಶಿಲೀಂಧ್ರದ ವಿರುದ್ಧ ನಮ್ಮ ದೇಹ ಹೂಡಿದ ಹೋರಾಟದ ಗುರುತುಗಳು. ಸ್ಟೀರಾಯ್ಡ್ ಆ ಹೋರಾಟವನ್ನು ಅಡಗಿಸುವುದರಿಂದ ಹಚ್ಚಿದವರಿಗೆ ಗುಣವಾದಂತೆ ತೋರುತ್ತದೆ, ತಡೆಯಿಲ್ಲದ ಶಿಲೀಂಧ್ರ ಮಾತ್ರ ಅಡಿಯಲ್ಲಿ ಹರಡುತ್ತ ಹೋಗುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದಿದೆ. ಡಾಕ್ಟರು ರೋಗವನ್ನು ಗುರುತಿಸುವುದು ಯಾವ ಅಂಚು, ಬಣ್ಣ, ಆಕಾರಗಳಿಂದಲೋ ಅವನ್ನೇ ಈ ಮುಲಾಮು ಅಳಿಸಿಹಾಕುತ್ತದೆ. ಓದಬೇಕಾದ ಪುಟವನ್ನು ನಾನೇ ಐದು ತಿಂಗಳು ಉಜ್ಜಿ ಉಜ್ಜಿ ಅಳಿಸಿ, ಆಮೇಲೆ ಓದುವವರ ಮುಂದೆ ಹಿಡಿದಿದ್ದೆ.

ಅವರು ಅಂಚೆಂದು ತೋರಿದ ಜಾಗದಿಂದ ಮೊಂಡು ಬ್ಲೇಡಿನಲ್ಲಿ ನವಿರಾಗಿ ಹೊಟ್ಟನ್ನು ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಬಿಟ್ಟರು. ಅದು ಚರ್ಮದ ಕಣಗಳನ್ನು ಕರಗಿಸುತ್ತದೆ, ಶಿಲೀಂಧ್ರದ ಎಳೆಗಳು ಕರಗದೆ ಉಳಿಯುತ್ತವೆ. ಸ್ವಲ್ಪ ಹೊತ್ತಿನ ಬಳಿಕ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು: ಕವಲೊಡೆದ ತೆಳು ದಾರಗಳು. ಐದು ತಿಂಗಳ ಗೊಂದಲಕ್ಕೆ ಅರ್ಧ ಗಂಟೆಯೊಳಗೆ ಹೆಸರು ಸಿಕ್ಕಿತು.

ಈ ಕಥೆ ನನ್ನೊಬ್ಬನದಾಗಿದ್ದರೆ ಬರೆಯುತ್ತಿರಲಿಲ್ಲ. ಸುಮಾರು ಒಂದು ದಶಕದಿಂದ ನಮ್ಮ ದೇಶದಲ್ಲಿ ಹುಳುಕಡ್ಡಿ ಸುಲಭಕ್ಕೆ ಬಗ್ಗದ ರೋಗವಾಗಿದೆ. 2020ರಲ್ಲಿ ಪ್ರತ್ಯೇಕ ಪ್ರಭೇದವೆಂದು ಹೆಸರು ಪಡೆದ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂಬ ಶಿಲೀಂಧ್ರದ ಹಲವು ತಳಿಗಳ ಮೇಲೆ, ಹಿಂದೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಟರ್ಬಿನಫಿನ್ ಎಂಬ ಔಷಧ ಈಗ ನಾಟುವುದಿಲ್ಲ. ಸ್ಟೀರಾಯ್ಡ್ ಬೆರೆತ ಮುಲಾಮುಗಳ ಮನಬಂದಂತೆ ಬಳಕೆ ಈ ಸ್ಥಿತಿಗೆ ಮುಖ್ಯ ಕಾರಣಗಳಲ್ಲಿ ಒಂದೆಂದು ಚರ್ಮತಜ್ಞರು ಹೇಳುತ್ತಲೇ ಬಂದಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ನಾನು ಚೀಟಿಯಿಲ್ಲದೆ ಎಷ್ಟು ಟ್ಯೂಬು ಕೊಂಡೆನೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಹಾಗೆಂದು ಸ್ಟೀರಾಯ್ಡ್ ವಿಷವಲ್ಲ. ಇಸುಬಿಗೆ, ಸೋರಿಯಾಸಿಸ್ಸಿಗೆ ಅದು ಬೇಕೇ ಬೇಕಾದ ಮದ್ದು. ಯಾವ ರೋಗಕ್ಕೆ, ದೇಹದ ಯಾವ ಭಾಗಕ್ಕೆ, ಎಷ್ಟು ತೀಕ್ಷ್ಣತೆಯದು, ಎಷ್ಟು ದಿನ ಎಂಬ ನಿರ್ಧಾರವೇ ಮುಖ್ಯ, ಮತ್ತು ಆ ನಿರ್ಧಾರವೇ ತಜ್ಞರ ಕೆಲಸ. ಬೆಳ್ಳಗಾಗಲೆಂದು ಅದೇ ಮುಲಾಮನ್ನು ವರ್ಷಗಟ್ಟಲೆ ಮುಖಕ್ಕೆ ಹಚ್ಚಿಕೊಂಡು, ಬಿಟ್ಟರೆ ಉರಿ, ಹಚ್ಚಿದರೆ ತೆಳುವಾಗುವ ಚರ್ಮ ಎಂಬ ಇಕ್ಕಟ್ಟಿಗೆ ಸಿಕ್ಕ ಹೆಣ್ಣುಮಕ್ಕಳನ್ನು ಆ ಆಸ್ಪತ್ರೆಯ ಬೆಂಚಿನ ಮೇಲೆಯೇ ಕಂಡಿದ್ದೇನೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಈ ವಿಭಾಗದ ಬಾಗಿಲ ಮೇಲೆ ಚರ್ಮ, ಲೈಂಗಿಕ ಮತ್ತು ಕುಷ್ಠರೋಗ ಎಂದು ಬರೆದಿರುವುದನ್ನು ನೋಡಿ ಹಿಂಜರಿಯುವವರಿದ್ದಾರೆ. ಎಂಬಿಬಿಎಸ್ ಮುಗಿಸಿದ ಮೇಲೆ ಮೂರು ವರ್ಷ ಓದಿ ಪಡೆಯುವ ಎಂಡಿ ಪದವಿಯಲ್ಲಿ ಈ ಮೂರೂ ಒಟ್ಟಿಗೇ ಇವೆ, ಏಕೆಂದರೆ ಮೂರೂ ಬಗೆಯ ರೋಗಗಳು ಮೊದಲು ತೋರಿಕೊಳ್ಳುವುದು ಬಹುತೇಕ ಚರ್ಮದ ಮೇಲೆಯೇ. ಕೂದಲು ಮತ್ತು ಉಗುರು ಕೂಡ ಚರ್ಮದ ಭಾಗಗಳಾದ್ದರಿಂದ ಅವುಗಳ ರೋಗಗಳೂ ಅವರವೇ. ಬಾಯಿಯ ಒಳಗಿನ ಹುಣ್ಣುಗಳಲ್ಲಿ ಕೆಲವೂ ಅವರ ಪಾಲಿಗೆ ಬರುತ್ತವೆ. ಲೇಸರು, ಮೊಡವೆ ಕಲೆಗಳ ಚಿಕಿತ್ಸೆ, ಚರ್ಮ ಕಸಿ ಈ ವಿದ್ಯೆಯ ಒಂದು ಅಂಗ ಮಾತ್ರ. ಜಾಹೀರಾತುಗಳಿಂದಾಗಿ ಜನ ಅದೊಂದೇ ಅವರ ಕೆಲಸವೆಂದು ತಿಳಿಯುವಂತಾಗಿರುವುದು ಬೇಸರದ ಸಂಗತಿ.

ಹೆಸರಿಡುವ ಕೆಲಸ ಎಷ್ಟು ದೊಡ್ಡದು ಎಂಬುದನ್ನು ನನ್ನ ತಮ್ಮನ ಮಗನ ಕೆನ್ನೆ ತೋರಿಸಿತು. ಎಂಟು ವರ್ಷದ ಹುಡುಗನ ಕೆನ್ನೆಯಲ್ಲಿ ಪೇಲವವಾದ ಎರಡು ಮಚ್ಚೆಗಳು ಕಂಡಾಗ ಮನೆಯಲ್ಲಿ ಒಬ್ಬರು ಹೊಟ್ಟೆಯಲ್ಲಿ ಜಂತುಹುಳುವೆಂದರು, ಇನ್ನೊಬ್ಬರು ಕ್ಯಾಲ್ಸಿಯಂ ಕಡಿಮೆಯೆಂದರು, ಅಮ್ಮ ಮಾತ್ರ ಏನೂ ಹೇಳದೆ ಒಳಗೆ ಹೋದರು. ಅವರ ಮನಸ್ಸಿನಲ್ಲಿದ್ದುದು ತೊನ್ನು. ಜಿಲ್ಲಾಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದರು. ತೊನ್ನಾಗಿದ್ದರೆ ಆ ಬೆಳಕಿನಲ್ಲಿ ಮಚ್ಚೆ ಅಚ್ಚ ಬಿಳಿಯಾಗಿ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹತ್ತಿಯ ಎಳೆಯನ್ನು ಮಚ್ಚೆಗೆ ತಾಗಿಸಿ, ಕಣ್ಣು ಮುಚ್ಚಿದ್ದ ಹುಡುಗನಿಗೆ ‘ಎಲ್ಲಿ ಮುಟ್ಟಿದೆ, ತೋರಿಸಪ್ಪ’ ಎಂದರು. ಸರಿಯಾಗಿ ತೋರಿಸಿದ. ಮಕ್ಕಳ ಒಣ ಚರ್ಮದಲ್ಲಿ ಬರುವ, ತಾನಾಗಿಯೇ ಮಾಸುವ ಮಚ್ಚೆಯದು. ಅದಕ್ಕೆ ಜಂತುಹುಳುವೂ ಕಾರಣವಲ್ಲ, ಕ್ಯಾಲ್ಸಿಯಂ ಕೊರತೆಯೂ ಕಾರಣವಲ್ಲ. ತೇವ ಉಳಿಸುವ ಮುಲಾಮೊಂದನ್ನು ಬರೆದುಕೊಟ್ಟರು.

ಬರಿಗಣ್ಣಿಗೆ ಒಂದೇ ತೆರನಾಗಿ ಕಾಣುವ ಬಿಳಿ ಮಚ್ಚೆ ಬೆವರು ಹೆಚ್ಚಿರುವ ಎದೆ, ಬೆನ್ನುಗಳಲ್ಲಿ ಬರುವ ಚಿಬ್ಬು ಆಗಿರಬಹುದು, ಯಾರಿಗೂ ಅಂಟದ ತೊನ್ನು ಆಗಿರಬಹುದು, ಸ್ಟಿಕರ್ ಬಿಂದಿಯ ಅಂಟಿನಿಂದ ಹಣೆಯ ಬಣ್ಣ ಹೋಗಿರಬಹುದು, ಅಥವಾ ಕುಷ್ಠವೂ ಆಗಿರಬಹುದು. ಕುಷ್ಠದ ಮಚ್ಚೆ ಹಾಲಿನಂತೆ ಬಿಳಿಯಾಗಿರುವುದಿಲ್ಲ, ಮಸುಕಾಗಿ ಅಥವಾ ತುಸು ಕೆಂಪಾಗಿದ್ದು ಅಲ್ಲಿ ಸ್ಪರ್ಶ ಮಂದವಾಗಿರುತ್ತದೆ. 2005ರ ಡಿಸೆಂಬರಿನಲ್ಲಿ ಭಾರತ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ಕುಷ್ಠ ಪ್ರಕರಣಗಳ ಗುರಿ ಮುಟ್ಟಿತೆಂದು ಘೋಷಿಸಿತಾದರೂ ಹೊಸ ರೋಗಿಗಳು ಇಂದಿಗೂ ಸಿಗುತ್ತಿದ್ದಾರೆ. ರೋಗದ ಪ್ರಮಾಣಕ್ಕೆ ತಕ್ಕಂತೆ ಆರು ಅಥವಾ ಹನ್ನೆರಡು ತಿಂಗಳ ಬಹುಔಷಧ ಚಿಕಿತ್ಸೆ ಉಚಿತವಾಗಿದೆ, ರೋಗ ಪೂರ್ಣ ಗುಣವಾಗುತ್ತದೆ. ಆದರೆ ನರ ಹಾಳಾಗಿ ಬೆರಳು ಮಡಚಿಕೊಂಡ ಮೇಲೆ ಬಂದರೆ ಔಷಧ ಬೆರಳನ್ನು ನೆಟ್ಟಗೆ ಮಾಡುವುದಿಲ್ಲ. ಮುಟ್ಟಿದರೆ ತಿಳಿಯದ ಮಚ್ಚೆ ಇದ್ದವರು ನಾಚಿಕೆಯಿಂದ ಒಂದು ತಿಂಗಳು ಮುಚ್ಚಿಟ್ಟರೂ ಅದು ದೊಡ್ಡ ನಷ್ಟ.

ಕೆಲವೊಮ್ಮೆ ರೋಗದ ಹೆಸರು ಗೊತ್ತಾದರೂ ಕಾರಣ ಹುಡುಕಬೇಕಾಗುತ್ತದೆ. ನಮ್ಮೂರಿನ ರೈತರೊಬ್ಬರಿಗೆ ಮುಖ, ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಚರ್ಮ ದಪ್ಪಗಾಗಿ ಕಪ್ಪಿಟ್ಟು ನಿದ್ದೆಯಿಲ್ಲದ ತುರಿಕೆಯಿತ್ತು. ಬಿಸಿಲಿನ ಅಲರ್ಜಿಯೆಂದು ಅವರು ಭಾವಿಸಿದ್ದರು. ಬೆನ್ನಿಗೆ ಬೇರೆಬೇರೆ ವಸ್ತುಗಳ ಪುಟ್ಟ ಪಟ್ಟಿಗಳನ್ನು ಅಂಟಿಸಿ ಎರಡು ದಿನದ ಮೇಲೆ ತೆಗೆದು ನೋಡುವ ಪ್ಯಾಚ್ ಪರೀಕ್ಷೆಯಲ್ಲಿ ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಎನ್ನುವ ಕಳೆಯ ಜಾಗ ಕೆಂಪಾಗಿ ಎದ್ದಿತು. ಪುಣೆಯ ಬಳಿ 1950ರ ದಶಕದಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ಆವರಿಸಿದ ಈ ಗಿಡದ ಒಣಪುಡಿ ಗಾಳಿಯಲ್ಲಿ ಬಂದು ತಾಗಿದರೂ ಸಾಕು. ತಲೆಗೂದಲಿಗೆ ಹಚ್ಚುವ ಬಣ್ಣ, ಕೃತಕ ಒಡವೆಯ ನಿಕಲ್, ಗಾರೆ ಕೆಲಸದ ಸಿಮೆಂಟು ಇವುಗಳನ್ನೂ ಹೀಗೆಯೇ ಪತ್ತೆಮಾಡುತ್ತಾರೆ. ಇನ್ನೂ ಸಂಶಯ ಉಳಿದರೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮೂರು ನಾಲ್ಕು ಮಿಲಿಮೀಟರಿನಷ್ಟು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬಯಾಪ್ಸಿ ಎಂದೊಡನೆ ಕ್ಯಾನ್ಸರ್ ಎಂದು ಎದೆಗುಂದಬೇಕಿಲ್ಲ.

ಯಾವಾಗ ಹೋಗಬೇಕು ಎಂಬುದರಲ್ಲಿ ಗಂಟೆಗಳ ಲೆಕ್ಕ ಹಿಡಿಯಬೇಕಾದ ಸಂದರ್ಭಗಳಿವೆ. ಸರ್ಪಸುತ್ತು ಅವುಗಳಲ್ಲಿ ಮೊದಲನೆಯದು. ದೇಹದ ಒಂದೇ ಪಾರ್ಶ್ವದಲ್ಲಿ ಪಟ್ಟಿಯಂತೆ ಉರಿ, ಆಮೇಲೆ ನೀರ್ಗುಳ್ಳೆಗಳ ಗೊಂಚಲು. ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯವೆಂಬ ನಂಬಿಕೆಯಿಂದ ಕೆಮ್ಮಣ್ಣು ಬಳಿಸಲು ಓಡುವುದನ್ನು ನೋಡಿದ್ದೇನೆ. ಬಾಲ್ಯದಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸೇ ನರದಲ್ಲಿ ಅಡಗಿದ್ದು ಮತ್ತೆ ಎದ್ದಾಗ ಬರುವ ರೋಗವಿದು. ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ವೈರಸ್ ವಿರೋಧಿ ಮಾತ್ರೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ಕೆಮ್ಮಣ್ಣಿಗಾಗಿ ಕಾಯುವ ಮೂರು ದಿನಗಳೆಂದರೆ ಅವೇ ಮೂರು ದಿನಗಳು. ಗುಳ್ಳೆ ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿದ್ದರೆ ಕಣ್ಣಿನ ಡಾಕ್ಟರನ್ನೂ ಅಂದೇ ಕಾಣಬೇಕು.

ಅದಕ್ಕಿಂತ ತುರ್ತಿನದು ಔಷಧದ ಪ್ರತಿಕ್ರಿಯೆ. ಫಿಟ್ಸ್ ಮಾತ್ರೆ, ಸೋಂಕಿಗೆ ಕೊಡುವ ಸಲ್ಫಾ, ಗೌಟ್ ಎಂಬ ಕೀಲುನೋವಿಗೆ ಕೊಡುವ ಅಲೋಪ್ಯುರಿನಾಲ್ ಮುಂತಾದವನ್ನು ಹೊಸದಾಗಿ ಆರಂಭಿಸಿದ ಕೆಲವು ವಾರಗಳಲ್ಲಿ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಮುಟ್ಟಿದರೆ ಸುಲಿಯುವ ಚರ್ಮ ಕಂಡುಬಂದರೆ ಚರ್ಮದ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕಾಯದೆ ಮಾತ್ರೆಗಳ ಸಮೇತ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಪಿತ್ತದ ಗಂಧೆಗಳ ಜೊತೆ ತುಟಿ ಊದಿ ಉಸಿರು ಕಟ್ಟಿದರೂ ಹಾಗೆಯೇ.

ಉಳಿದವಕ್ಕೆ ದಿನಗಳ ಅವಕಾಶವಿದೆ, ತಿಂಗಳುಗಳದಲ್ಲ. ಮನೆಯಲ್ಲಿ ಇಬ್ಬರು ಮೂವರಿಗೆ ರಾತ್ರಿ ಹೆಚ್ಚುವ ತುರಿಕೆ ಬೆರಳ ಸಂದುಗಳಲ್ಲಿ ಬಂದಿದ್ದರೆ ಅದು ಕಜ್ಜಿಯಿರಬಹುದು, ಎಲ್ಲರಿಗೂ ಒಂದೇ ದಿನ ಮದ್ದು ಬೇಕು. ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಹೊಸದಾಗಿ ಬಂದು ಬೆಳೆಯುತ್ತಿರುವ ಕಪ್ಪು ಗುರುತನ್ನು ತೋರಿಸಲೇಬೇಕು, ಏಕೆಂದರೆ ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಅಡಗುವುದು ಇಂಥ ಜಾಗಗಳಲ್ಲಿ. ಕತ್ತು ಕಪ್ಪಗಾಗಿ ವೆಲ್ವೆಟ್ಟಿನಂತೆ ದಪ್ಪಗಾದರೆ ಉಜ್ಜಿ ತೊಳೆಯುವುದರಿಂದ ಹೋಗುವ ಕೊಳೆಯಲ್ಲ, ಸಕ್ಕರೆ ಪರೀಕ್ಷೆ ಮಾಡಿಸಬೇಕಾದ ಸೂಚನೆ. ಗುಳಿ ಬೀಳುವಂಥ ಮೊಡವೆಯಿರುವ ಹದಿಹರೆಯದವರಿಗೆ ‘ವಯಸ್ಸಿಗೆ ಬಂದದ್ದು, ಹೋಗುತ್ತೆ’ ಎಂದು ಹೇಳುವುದನ್ನು ದಯವಿಟ್ಟು ಬಿಡೋಣ. ಮೊಡವೆ ಹೋಗಬಹುದು, ಗುಳಿ ಉಳಿಯುತ್ತದೆ.

ಹೋಗುವಾಗ ಫಲಕದಲ್ಲಿ ಸ್ಕಿನ್ ಎಂಬ ಪದವಿದೆಯೆಂದು ನಂಬದೆ ಚರ್ಮರೋಗದಲ್ಲಿ ಪಡೆದ ಎಂಡಿ, ಡಿಎನ್‌ಬಿ ಅಥವಾ ಡಿವಿಡಿ ಪದವಿಯೂ ವೈದ್ಯಕೀಯ ಪರಿಷತ್ತಿನ ನೋಂದಣಿಯೂ ಇದೆಯೇ ನೋಡಿ. ಉಗುರುಬಣ್ಣ, ಮೇಕಪ್ಪು ಬೇಡ. ಬಂದು ಹೋಗುವ ಗಂಧೆಗಳಾದರೆ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ.

ನನ್ನ ಚಿಕಿತ್ಸೆ ಮುಗಿಯಲು ಮೂರು ತಿಂಗಳು ಹಿಡಿಯಿತು. ಟವೆಲು ಬೇರೆ, ಬಟ್ಟೆ ಬಿಸಿಲಿಗೆ, ಹೆಂಡತಿಗೂ ಮದ್ದು. ತೊಡೆಯ ಗೆರೆಗಳು ಬಿಳಿಯಾಗಿವೆ, ಅವು ಹೋಗುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಎರಡನೆಯ ಭೇಟಿಗೆ ಹೇಳಿದಂತೆ ಟ್ಯೂಬುಗಳನ್ನೆಲ್ಲ ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ, ಏಳು ಇದ್ದವು. ಅವರು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತ, ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್‌ಗಳ ಹೆಸರಿರುವಲ್ಲಿ ಪೆನ್ನಿನಿಂದ ಗೆರೆ ಎಳೆದು, ‘ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ’ ಎಂದರು. ಆರು ಟ್ಯೂಬುಗಳ ಮೇಲೆ ಗೆರೆ ಬಿದ್ದಿತು. ಏಳನೆಯದರ ಅವಧಿ ಮುಗಿದಿತ್ತು.