ಹಳೇ ವಾಲ್ವ್ ಸೆಟ್ಟಿಗೆ ಕರೆಂಟ್ ಕೊಡುವ ಮುಂಚೆ

ಅಟ್ಟದಿಂದ ಇಳಿಸಿದ ಹಳೇ ಹ್ಯಾಮ್ (ಹವ್ಯಾಸಿ ರೇಡಿಯೊ) ಸೆಟ್ಟನ್ನು ಮನೆಗೆ ತಂದವರು ಮೊದಲು ಮಾಡುವ ಕೆಲಸ ಪ್ಲಗ್ ಹಾಕಿ ನೋಡುವುದು. ಸೆಟ್ಟು ಹಾಳಾಗುವುದೂ ಆ ಐದು ನಿಮಿಷದಲ್ಲೇ. ಇಪ್ಪತ್ತು ವರ್ಷ ಕರೆಂಟ್ ಕಾಣದ ಯಂತ್ರದೊಳಗೆ ಚಿಲ್ಲರೆ ಕಾಸಿನ ಒಂದು ಕೆಪಾಸಿಟರ್ ಶಾರ್ಟ್ ಆಗಿ ಸಾಯುವಾಗ, ಎಲ್ಲೂ ಸಿಗದ ಪವರ್ ಟ್ರಾನ್ಸ್‌ಫಾರ್ಮರನ್ನೋ ಜೋಡಿ ಫೈನಲ್ ವಾಲ್ವುಗಳನ್ನೋ ಜೊತೆಗೆ ಕರೆದುಕೊಂಡೇ ಹೋಗುತ್ತದೆ. ಕೆಳಗಿನ ಕೆಲಸಗಳ ಕ್ರಮವೆಲ್ಲ ಈ ಎರಡು ವಸ್ತು ಉಳಿಸಿಕೊಳ್ಳುವುದಕ್ಕೆ. ಕೆನ್‌ವುಡ್ ಟಿಎಸ್-520, ಯಾಸು ಎಫ್‌ಟಿ-101ರಂಥ 1970ರ ದಶಕದ ಜಪಾನಿ ಸೆಟ್ಟುಗಳನ್ನು ಮನಸ್ಸಲ್ಲಿಟ್ಟು ಬರೆದಿದ್ದೇನೆ. ಇವುಗಳಲ್ಲಿ ರಿಸೀವರ್ ಟ್ರಾನ್ಸಿಸ್ಟರಿನದು. ಪ್ರಸಾರದ ಸಿಗ್ನಲನ್ನು ಬಲಪಡಿಸುವ ಡ್ರೈವರ್ ಮತ್ತು ಅದನ್ನು ಇನ್ನೂ ಏರಿಸಿ ಆಂಟೆನಾಗೆ ಕಳಿಸುವ ಫೈನಲ್ ಮಾತ್ರ ವಾಲ್ವು.

ಮೊದಲು ಮೇಲಿನ, ಕೆಳಗಿನ ಮುಚ್ಚಳ ಬಿಚ್ಚಿ. ಪೇಂಟ್ ಬ್ರಷ್ ಮತ್ತು ಬ್ಲೋಯರಿನಲ್ಲಿ ಧೂಳು ತೆಗೆಯಿರಿ. ಕಣಜದ ಮಣ್ಣಿನ ಗೂಡು, ಇಲಿ ಕಡಿದ ವೈರು, ಉಬ್ಬಿದ ಕೆಪಾಸಿಟರ್, ಹೊಗೆ ಹಿಡಿದ ರೆಸಿಸ್ಟರ್ ಇವು ಕಣ್ಣಿಗೇ ಕಾಣುತ್ತವೆ. ವಾಲ್ವುಗಳನ್ನು ಒರೆಸುವಾಗ ನಂಬರ್ ಇರುವ ಜಾಗ ಮುಟ್ಟಬೇಡಿ, ಆ ಬರಹ ಬೆರಳು ಉಜ್ಜಿದರೂ ಅಳಿಸಿಹೋಗುತ್ತದೆ. ಬ್ಯಾಂಡ್ ಸ್ವಿಚ್ಚಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಸಾಕು. ಉಪ್ಪುಕಾಗದ ಹಾಕಿ ಉಜ್ಜಿದರೆ ಬೆಳ್ಳಿಯ ಲೇಪ ಕಿತ್ತುಬಂದು, ಮುಂದಿನ ವರ್ಷ ಇನ್ನೂ ಕೆಟ್ಟದಾಗಿ ಗೊರಗುಟ್ಟುತ್ತದೆ. ರಿಲೇ ಕಾಂಟ್ಯಾಕ್ಟಿಗೆ ಅದೇ ಆಲ್ಕೊಹಾಲಿನಲ್ಲಿ ನೆನೆಸಿದ ದಪ್ಪ ಕಾಗದದ ಪಟ್ಟಿ ನಡುವೆ ಇಟ್ಟು ಎಳೆಯಿರಿ.

ಆಮೇಲೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಯಾವ ವೋಲ್ಟೇಜಿಗೆ ಕಟ್ಟಿದೆ ನೋಡಿ. ಜಪಾನಿನಿಂದಲೋ ಅಮೆರಿಕದಿಂದಲೋ ಬಂದ ಸೆಟ್ಟು 100 ಅಥವಾ 117 ವೋಲ್ಟಿಗೇ ಇರಬಹುದು. 220ಕ್ಕೆ ಇದ್ದರೂ ನೆಮ್ಮದಿ ಇಲ್ಲ. ಮಂಡ್ಯ ಸುತ್ತಿನ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜ್ ಇಳಿದು, ಅವು ನಿಂತ ಮೇಲೆ ಏರುವುದು ಗೊತ್ತಿರುವ ವಿಷಯ. 245 ವೋಲ್ಟ್ ಬಂದಾಗ 220ರ ಪ್ರೈಮರಿಯಿಂದ ವಾಲ್ವನ್ನು ಒಳಗಿಂದ ಕಾಯಿಸುವ 6.3 ವೋಲ್ಟಿನ ಹೀಟರಿಗೆ 7 ವೋಲ್ಟ್ ಹೋಗುತ್ತದೆ. ಶೇಕಡಾ 10ಕ್ಕಿಂತ ಹೆಚ್ಚಾಯಿತು, ವಾಲ್ವಿನ ಆಯಸ್ಸು ಅಲ್ಲೇ ಕರಗುತ್ತದೆ. ಅಗ್ಗದ ಪರಿಹಾರ ಉಂಟು: 230ರಿಂದ 12 ವೋಲ್ಟಿಗೆ ಇಳಿಸುವ 3 ಆಂಪಿಯರಿನ ಸಾದಾ ಟ್ರಾನ್ಸ್‌ಫಾರ್ಮರ್ ತಂದು, ಅದರ ಪ್ರೈಮರಿಯನ್ನು ಮೇನ್ಸಿಗೆ ಕೊಟ್ಟು, ಸೆಕೆಂಡರಿಯನ್ನು ಸೆಟ್ಟಿನ ಲೈನಿಗೆ ಸೀರೀಸಿನಲ್ಲಿ, ಎದುರು ಫೇಸಿನಲ್ಲಿ ಸೇರಿಸಿ. 245 ಇದ್ದದ್ದು ಸುಮಾರು 232 ಆಗುತ್ತದೆ. ತುದಿ ಉಲ್ಟಾ ಆದರೆ 258ಕ್ಕೆ ಏರುತ್ತದೆ. ಆದ್ದರಿಂದ ಮೊದಲು ಒಂದು ಬಲ್ಬಿನ ಮೇಲೆ ಅಳೆದು ನೋಡಿ, ಸೆಟ್ಟಿಗೆ ಆಮೇಲೆ. ಎರಡು ಪಿನ್ನಿನ ಹಳೇ ಕಾರ್ಡು ಕಿತ್ತು ಮೂರು ಪಿನ್ನಿನದು ಹಾಕಿ, ಅರ್ಥ್ ವೈರನ್ನು ಚಾಸಿಗೆ (ಸೆಟ್ಟಿನ ಲೋಹದ ಚೌಕಟ್ಟಿಗೆ) ಬಿಗಿಯಾಗಿ ಕಟ್ಟುವುದಂತೂ ಆಗಲೇಬೇಕು.

ಕೆಪಾಸಿಟರುಗಳ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು 100 ಕಿಲೋ ಓಮಿನ ರೆಸಿಸ್ಟರ್ ಮೂಲಕ ನಿಧಾನಕ್ಕೆ ಚಾರ್ಜ್ ಮಾಡಿ ಮತ್ತೆ ಕೆಲಸಕ್ಕೆ ತರಬಹುದು. ರೆಸಿಸ್ಟರಿನ ಎರಡು ತುದಿಗೆ 10 ವೋಲ್ಟ್ ಕಂಡರೆ ಲೀಕೇಜ್ 0.1 ಮಿಲಿಆಂಪಿಯರ್ ಎಂದು ಲೆಕ್ಕ. ಕೆಲವು ಗಂಟೆ ಕಳೆದರೂ 1 ಮಿಲಿಆಂಪಿಯರಿಗಿಂತ ಕೆಳಗೆ ಇಳಿಯದಿದ್ದರೆ ಅದನ್ನು ಎಸೆಯಿರಿ. ನನ್ನನ್ನು ಕೇಳಿದರೆ, ನಲವತ್ತು ವರ್ಷ ದಾಟಿದ ಹೈ ವೋಲ್ಟೇಜ್ ಕೆಪಾಸಿಟರಿಗೆ ಇಷ್ಟೆಲ್ಲ ಉಪಚಾರ ಬೇಡ, ಹೊಸದು ಹಾಕುವುದೇ ಜಾಣತನ. ಆದರೆ ಇಲ್ಲೊಂದು ತಪ್ಪು ತುಂಬಾ ಜನ ಮಾಡುತ್ತಾರೆ. 500 ವೋಲ್ಟಿನವು ಎರಡು ಸೀರೀಸಿನಲ್ಲಿ ಇದ್ದ ಕಡೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 450 ವೋಲ್ಟಿನವನ್ನು ಹಾಕಿಬಿಡುತ್ತಾರೆ. ಟಿಎಸ್-520ರಲ್ಲಿ ಫೈನಲ್ ವಾಲ್ವಿನ ಪ್ಲೇಟಿಗೆ ಹೋಗುವ ಸಪ್ಲೈ 800 ವೋಲ್ಟ್, ಮೇನ್ಸ್ ಶೇಕಡಾ 10 ಏರಿದರೆ 880. ಎರಡರ ಒಟ್ಟು ತಾಳಿಕೆ 900. ಇದರಲ್ಲಿ ಉಸಿರಾಡಲೂ ಜಾಗವಿಲ್ಲ. ಬದಲಿಗೆ 150 ಮೈಕ್ರೊಫ್ಯಾರಡಿನ, 450 ವೋಲ್ಟಿನ, 105 ಡಿಗ್ರಿಯ ಮೂರನ್ನು ಸೀರೀಸಿನಲ್ಲಿ ಹಾಕಿ. 50 ಮೈಕ್ರೊಫ್ಯಾರಡ್, 1350 ವೋಲ್ಟ್ ಆಯಿತು. ವೋಲ್ಟೇಜ್ ಸಮನಾಗಿ ಹಂಚಿಕೊಳ್ಳಲು ಪ್ರತಿಯೊಂದರ ಮೇಲೂ 220 ಕಿಲೋ ಓಮ್, 2 ವ್ಯಾಟಿನ ರೆಸಿಸ್ಟರ್ ಅಡ್ಡ ಹಾಕಿ.

ಮೇನ್ಸ್‌ಗೆ ಅಡ್ಡ ಇರುವ ಹಳೇ ಪೇಪರ್ ಕೆಪಾಸಿಟರ್ ತೆಗೆದು ಎಕ್ಸ್2 ದರ್ಜೆಯದು, ಲೈನಿನಿಂದ ಚಾಸಿಗೆ ಹೋಗುವ ಕಡೆ ವೈ2 ದರ್ಜೆಯದು ಹಾಕಬೇಕು. ಬೇರೆ ಯಾವುದು ಹಾಕಿದರೂ ಅದು ಶಾರ್ಟ್ ಆದ ದಿನ ಚಾಸಿಯೇ ಲೈವ್.

ಎಲ್ಲಕ್ಕಿಂತ ಕಪಟಿ ಎಂದರೆ ಡ್ರೈವರ್ 12ಬಿವೈ7ಎ ವಾಲ್ವಿನ ಪ್ಲೇಟಿನಿಂದ ಫೈನಲ್ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿಗೆ) ಹೋಗುವ ಪುಟ್ಟ ಕಪ್ಲಿಂಗ್ ಕೆಪಾಸಿಟರ್. ಅದು ಸ್ವಲ್ಪ ಲೀಕ್ ಆದರೂ ಡ್ರೈವರಿನ ಪಾಸಿಟಿವ್ ವೋಲ್ಟೇಜ್ ಗ್ರಿಡ್ಡಿಗೆ ಸೋರಿ, ಆ ಹಿಡಿತಕ್ಕೆಂದು ಕೊಟ್ಟ ನೆಗೆಟಿವ್ ವೋಲ್ಟೇಜನ್ನು, ಅಂದರೆ ಬಯಾಸನ್ನು, ತಿಂದುಹಾಕುತ್ತದೆ. ಫೈನಲ್ ಪ್ಲೇಟುಗಳು ಕೆಂಪಗೆ ಕಾದು ನಿಮಿಷದಲ್ಲಿ ಮುಗಿಯುತ್ತವೆ. ಅಷ್ಟೇ ಕೆಪಾಸಿಟೆನ್ಸಿನ, 1000 ವೋಲ್ಟಿನ ಸಿಲ್ವರ್ ಮೈಕಾ ಹಾಕಿಬಿಡಿ, ಪರೀಕ್ಷೆ ಮಾಡುತ್ತ ಕೂರಬೇಡಿ.

ಈಗ ಕರೆಂಟ್. ಎಲೆಕ್ಟ್ರಿಷಿಯನ್ನರ ಸೀರೀಸ್ ಬೋರ್ಡೇ (ಬಲ್ಬಿನ ಮೂಲಕವೇ ಕರೆಂಟ್ ಹೋಗುವ ಬೋರ್ಡು) ಇಲ್ಲಿಗೂ ಸಾಕು, 100 ವ್ಯಾಟಿನ ಸಾದಾ ಬಲ್ಬ್ ಇರಲಿ, ಎಲ್‌ಇಡಿ ಉಪಯೋಗಕ್ಕಿಲ್ಲ. ಸೆಟ್ಟಿನ ಹೀಟರ್ ಸ್ವಿಚ್ ಆಫ್ ಇಟ್ಟು, ಪವರ್ ಆನ್ ಮಾಡಿದರೆ ಬಲ್ಬು ಒಮ್ಮೆ ಪ್ರಕಾಶವಾಗಿ ಉರಿದು ಮಂಕಾಗಬೇಕು. ಹಾಗೇ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ ಡಯೋಡುಗಳಿಂದ ಹುಡುಕಲು ಶುರು ಮಾಡಿ. 800 ವೋಲ್ಟಿನ ಹತ್ತಿರ ಕೆಲಸ ಮಾಡುವಾಗ ಒಂದು ಕೈ ಜೇಬಿನಲ್ಲೇ ಇರಲಿ. ಪ್ಲಗ್ ಕಿತ್ತ ಮೇಲೂ 10 ಕಿಲೋ ಓಮ್, 10 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರನ್ನು ಉದ್ದನೆಯ ಇನ್ಸುಲೇಟೆಡ್ ಕೋಲಿಗೆ ಕಟ್ಟಿ ಕೆಪಾಸಿಟರ್ ಡಿಸ್‌ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಕೈ ಹಾಕಿ.

ಫೈನಲ್ಲಿಗೆ ಹೀಟರ್ ಕೊಡುವ ಮುಂಚೆ ಕಂಟ್ರೋಲ್ ಗ್ರಿಡ್ಡಿನಲ್ಲಿ ನೆಗೆಟಿವ್ ಬಯಾಸ್ ಇದೆಯೇ ಅಳೆಯಿರಿ. ಅದು ಸರಿಯಿದ್ದರೆ ಟಿಎಸ್-520ರಲ್ಲಿ ಡ್ರೈವ್ (ಡ್ರೈವರಿನಿಂದ ಬರುವ ಸಿಗ್ನಲ್) ಇಲ್ಲದಾಗಿನ ಪ್ಲೇಟ್ ಕರೆಂಟನ್ನು 60 ಮಿಲಿಆಂಪಿಯರಿಗೆ ಹೊಂದಿಸಬೇಕು.

ಟ್ಯೂನಿಂಗಿಗೆ ಆಂಟೆನಾ ಬೇಡ, ಪವರನ್ನು ಶಾಖವಾಗಿ ನುಂಗಿಕೊಳ್ಳುವ ಡಮ್ಮಿ ಲೋಡ್ ಬೇಕು. 1 ಕಿಲೋ ಓಮ್, 2 ವ್ಯಾಟಿನ ಇಪ್ಪತ್ತು ಕಾರ್ಬನ್ ಫಿಲ್ಮ್ ರೆಸಿಸ್ಟರುಗಳನ್ನು ಪ್ಯಾರಲಲ್ ಮಾಡಿದರೆ 50 ಓಮ್, 40 ವ್ಯಾಟ್. ಟ್ರಾನ್ಸ್‌ಫಾರ್ಮರ್ ಆಯಿಲ್ ಇರುವ ಡಬ್ಬಿಯಲ್ಲಿ ಮುಳುಗಿಸಿದರೆ ಸ್ವಲ್ಪ ಹೊತ್ತು ಇನ್ನೂ ಹೆಚ್ಚು ತಾಳುತ್ತದೆ. ಕೊಬ್ಬರಿ ಎಣ್ಣೆ ಬೇಡ, ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಮುಗ್ಗಲು ವಾಸನೆ ಬೇರೆ. ವೈರ್‌ವೌಂಡ್ ರೆಸಿಸ್ಟರ್ ಒಳಗೆ ಸುರುಳಿ ಇರುವುದರಿಂದ ಇಲ್ಲಿಗೆ ಆಗುವುದಿಲ್ಲ. ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ಕಡಿಮೆ ಇಟ್ಟು, ಪ್ಲೇಟ್ ಗುಬುಟನ್ನು ತಿರುಗಿಸಿ ಕರೆಂಟ್ ತಗ್ಗುವ ಜಾಗ ಹಿಡಿಯಿರಿ. ಲೋಡ್ ಸ್ವಲ್ಪ ಏರಿಸಿ, ಮತ್ತೆ ಪ್ಲೇಟ್ ತಗ್ಗಿಸಿ. ಒಂದು ಸಲಕ್ಕೆ 10 ಸೆಕೆಂಡು, ನಡುವೆ ಅಷ್ಟೇ ಬಿಡುವು. ಎಫ್‌ಟಿ-101ಇಯಲ್ಲಿರುವ 6ಜೆಎಸ್6ಸಿ ಟಿವಿಗಾಗಿ ಮಾಡಿದ ವಾಲ್ವು, ಟ್ಯೂನ್ ತಪ್ಪಿದರೆ ಅದಕ್ಕೆ ತಾಳ್ಮೆಯೇ ಇಲ್ಲ. ಟಿಎಸ್-520ರಲ್ಲಿರುವ 6146 ಜಾತಿಯವು ಎಷ್ಟೋ ವಾಸಿ.

ಕರೆಂಟ್ ತಗ್ಗುವ ಜಾಗ ಮತ್ತು ಔಟ್‌ಪುಟ್ ಹೆಚ್ಚುವ ಜಾಗ ಒಂದೇ ಆಗಿಲ್ಲದಿದ್ದರೆ ನ್ಯೂಟ್ರಲೈಸೇಶನ್, ಅಂದರೆ ಫೈನಲ್ ಒಳಗೇ ಪ್ಲೇಟಿನಿಂದ ಗ್ರಿಡ್ಡಿಗೆ ವಾಪಸ್ಸು ಸೋರುವ ಸಿಗ್ನಲನ್ನು ರದ್ದು ಮಾಡುವ ಹೊಂದಾಣಿಕೆ, ಕೆಟ್ಟಿದೆ ಎಂದರ್ಥ. ಫೈನಲ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು: ಸ್ಕ್ರೀನ್ (ಫೈನಲ್ಲಿನ ಎರಡನೇ ಗ್ರಿಡ್) ವೋಲ್ಟೇಜ್ ತೆಗೆದು, 28 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಡ್ರೈವ್ ಕೊಟ್ಟು, ಔಟ್‌ಪುಟ್ಟಿಗೆ ಸೋರುವ ಆರ್‌ಎಫ್ ತೀರಾ ಕಡಿಮೆಯಾಗುವಂತೆ ನ್ಯೂಟ್ರಲೈಸೇಶನ್ನಿನ ಟ್ರಿಮ್ಮರ್ (ಹೊಂದಿಸುವ ಪುಟ್ಟ ಕೆಪಾಸಿಟರ್) ತಿರುಗಿಸುವುದು. ಟ್ರಿಮ್ಮರಿನ ಮೇಲೆ ಹೈ ವೋಲ್ಟೇಜ್ ಇರಬಹುದು. ಸ್ಕ್ರೂಡ್ರೈವರ್ ಬೇಡ, ಒಣ ಬಿದಿರಿನ ಕಡ್ಡಿಯ ತುದಿ ಚಪ್ಪಟೆಯಾಗಿ ಕೆತ್ತಿಕೊಂಡರೆ ಇದಕ್ಕಿಂತ ಒಳ್ಳೆ ಉಪಕರಣವಿಲ್ಲ.

ಪ್ರಸಾರಕ್ಕೆ ಪರವಾನಗಿ ಬೇಕೆಂದು ಹೇಳಬೇಕಿಲ್ಲ. ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ ಮಿತಿ 50 ವ್ಯಾಟ್, ಜೋಡಿ ಫೈನಲ್ ಅದನ್ನು ಸಲೀಸಾಗಿ ದಾಟುತ್ತದೆ, ಡ್ರೈವ್ ಇಳಿಸಿಕೊಳ್ಳಬೇಕು. ಕಡಿಮೆಯಾಯಿತು ಅಂದುಕೊಳ್ಳಬೇಡಿ: 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಶುರು ಮಾಡಿದ್ದು 30 ವ್ಯಾಟಿನಲ್ಲಿ.

7.1 ಮೆಗಾಹರ್ಟ್ಸಿನ ಡೈಪೋಲಿಗೆ (ಎರಡು ತೋಳಿನ ವೈರ್ ಆಂಟೆನಾಗೆ) ಒಟ್ಟು ಸುಮಾರು 20 ಮೀಟರ್ ವೈರು. ಮೊದಲು ಸ್ವಲ್ಪ ಉದ್ದವಾಗಿಯೇ ಪ್ರತಿ ತೋಳು 10.5 ಮೀಟರ್ ಕತ್ತರಿಸಿಕೊಂಡು, ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆ ಎಂದು ತೋರಿಸುವ ಅಳತೆ) ನೋಡಿಕೊಂಡು ಎರಡೂ ಕಡೆ ಸಮನಾಗಿ 10 ಸೆಂಟಿಮೀಟರಿನಂತೆ ಕಡಿಮೆ ಮಾಡುತ್ತಾ ಬನ್ನಿ. ತೆಂಗಿನಮರಕ್ಕೆ ಕಟ್ಟುವುದಾದರೆ ಒಂದು ತುದಿ ರಾಟೆ ಹಾಕಿ ಇಟ್ಟಿಗೆ ತೂಗುಬಿಡಿ, ಇಲ್ಲದಿದ್ದರೆ ಮುಂಗಾರಿನ ಮೊದಲ ಗಾಳಿಗೆ ಮರ ತೂಗಿ ವೈರು ತುಂಡಾಗುತ್ತದೆ. ಕರೆಂಟ್ ಲೈನಿನ ಹತ್ತಿರ ಮಾತ್ರ, ಎಷ್ಟೇ ಅನುಕೂಲವಾಗಿ ಕಂಡರೂ, ಕಟ್ಟಕೂಡದು. ವಿಎಫ್‌ಒ (ಫ್ರೀಕ್ವೆನ್ಸಿ ಹುಟ್ಟಿಸುವ ಸರ್ಕ್ಯೂಟ್) ಬೆಚ್ಚಗಾಗಲು ಅರ್ಧ ಗಂಟೆ ಬಿಟ್ಟು ಎಲ್‌ಎಸ್‌ಬಿಯಲ್ಲಿ (ಲೋವರ್ ಸೈಡ್‌ಬ್ಯಾಂಡ್, ಈ ಬ್ಯಾಂಡಿನಲ್ಲಿ ಮಾತಿಗೆ ಬಳಸುವ ವಿಧಾನ) ಕರೆಯಿರಿ. ಅದಕ್ಕೂ ಮುಂಚೆ ಕರೆದರೆ ಮಾತಿನ ಮಧ್ಯೆಯೇ ಫ್ರೀಕ್ವೆನ್ಸಿ ಜಾರುತ್ತಾ ಹೋಗುತ್ತದೆ, ಆ ಕಡೆಯವರು ಡಯಲ್ ಹಿಡಿದುಕೊಂಡೇ ಕೂರಬೇಕಾಗುತ್ತದೆ.